ಕದ್ದಾಲಿಸಿದ ಮಾತು ಕಡತ ಸೇರಿದ ಮೇಲೆ

ನಮ್ಮಕ್ಕ ಅರಸೀಕೆರೆಯಲ್ಲಿದ್ದಾಳೆ, ಅವಳ ಮಗ ಟೆಕ್ಸಾಸ್‌ನಲ್ಲಿ. ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ಅವರಿಬ್ಬರ ಮಾತುಕತೆ ತಪ್ಪುವುದಿಲ್ಲ. ಈಚೆಗೆ ಒಂದು ದಿನ ಅಕ್ಕ ಟಿವಿಯಲ್ಲಿ ನೋಡಿದ ಯುದ್ಧದ ಸುದ್ದಿ ತೆಗೆದಳು. ಅವನು ದನಿ ತಗ್ಗಿಸಿ, "ಅಮ್ಮಾ, ಫೋನಲ್ಲಿ ಅದೆಲ್ಲ ಬೇಡ" ಅಂದನಂತೆ. 2025ರ ಜೂನ್‌ನಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಲು ಹೇಳಿತಲ್ಲ, ಅಲ್ಲಿಂದೀಚೆಗೆ ಅಲ್ಲಿರುವ ನಮ್ಮ ಹುಡುಗರಲ್ಲಿ ಈ ಅಂಜಿಕೆ ಹೆಚ್ಚಾಗಿದೆ. ಅಕ್ಕ ಆಮೇಲೆ ನನಗೆ ಫೋನ್ ಮಾಡಿದಳು. "ಅಲ್ಲ ಕಣೋ, ನಾವಾಡೋ ಮಾತು ಅಲ್ಲಿ ಮಿಲಿಟರಿಯವರು ಕೇಳಿಸ್ಕೊಳ್ತಾರಂತೆ ಹೌದಾ? ಬರೆದಿಟ್ಕೊಳ್ತಾರಾ?"

ಅಕ್ಕ ಕೇಳಿದ್ದು ಎರಡು ಪ್ರಶ್ನೆ. ಕೇಳಿಸಿಕೊಳ್ಳುತ್ತಾರಾ ಎಂಬುದರ ಬಗ್ಗೆ ಲೋಕವೆಲ್ಲ ಮಾತಾಡುತ್ತದೆ. ಬರೆದಿಟ್ಟುಕೊಳ್ಳುತ್ತಾರಾ ಎಂಬುದರ ಬಗ್ಗೆ ಮಾತು ಕಡಿಮೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಕಿವಿಗೆ ಬಿದ್ದ ಮಾತು ಮರೆತುಹೋಗಬಹುದು. ಕಡತಕ್ಕೆ ಬಿದ್ದದ್ದು ಹತ್ತು ವರ್ಷದ ಮೇಲೂ ಯಾರದೋ ಮೇಜಿನ ಮೇಲೆ ಎದ್ದು ಕೂರಬಹುದು. ಆ ಕಡತಕ್ಕೂ ಅಮೆರಿಕದಲ್ಲಿ ಕಾನೂನು ಇದೆ. ಅದು ಹೇಗೆ ಹುಟ್ಟಿತು, ಯಾರನ್ನು ಕಾಯುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಇದರಲ್ಲಿ ಮಿಲಿಟರಿಗೇನು ಕೆಲಸ?

ಫೋನ್ ಕದ್ದಾಲಿಕೆ ಎಂದರೆ ನಮಗೆ ಪೊಲೀಸು, ಗುಪ್ತಚರ ಇಲಾಖೆ ನೆನಪಾಗುತ್ತವೆ. 1988ರಲ್ಲಿ ರಾಮಕೃಷ್ಣ ಹೆಗಡೆಯವರ ಮುಖ್ಯಮಂತ್ರಿ ಪದವಿ ಹೋದದ್ದೇ ಕದ್ದಾಲಿಕೆಯ ಆರೋಪದಿಂದ. ಹಾಗಾಗಿ ಕನ್ನಡಿಗರಿಗೆ ಈ ಪದ ಹೊಸದಲ್ಲ. ಆದರೆ ಅಮೆರಿಕದಲ್ಲಿ ಹೊರದೇಶದ ಸಂಪರ್ಕಗಳನ್ನು ಆಲಿಸುವ ಮುಖ್ಯ ಸಂಸ್ಥೆ ಎನ್‌ಎಸ್‌ಎ ಇರುವುದು ರಕ್ಷಣಾ ಇಲಾಖೆಯ ಅಡಿಯಲ್ಲಿ. 1952ರಲ್ಲಿ ಅಧ್ಯಕ್ಷ ಟ್ರೂಮನ್ ಕಾಲದಲ್ಲಿ ಹುಟ್ಟಿದ ಇದರ ಮುಖ್ಯ ಕಚೇರಿ ಮೇರಿಲ್ಯಾಂಡ್ ರಾಜ್ಯದ ಫೋರ್ಟ್ ಮೀಡ್ ಎಂಬ ಸೇನಾ ನೆಲೆಯಲ್ಲಿದೆ. ಇದಲ್ಲದೆ ಭೂಸೇನೆಗೆ ಸಿಐಡಿ, ನೌಕಾಪಡೆಗೆ ಎನ್‌ಸಿಐಎಸ್, ವಾಯುಪಡೆಗೆ ಒಎಸ್‌ಐ ಎಂಬ ಸ್ವಂತ ತನಿಖಾ ದಳಗಳಿವೆ.

ಹೀಗಾಗಿ ಮಿಲಿಟರಿ ಬೀರುವಿನಲ್ಲಿ ಎರಡು ಬಗೆಯ ಕಡತ ಸೇರುತ್ತವೆ. ಒಂದು ಅಪರಾಧ ತನಿಖೆಯದು, ಉದಾಹರಣೆಗೆ ಸೇನಾ ನೆಲೆಯಲ್ಲಿ ಮಾದಕವಸ್ತು ಮಾರಾಟದ ಪ್ರಕರಣ. ಇನ್ನೊಂದು ಹೊರದೇಶದ ಗೂಢಚರ್ಯೆಗೆ ಸಂಬಂಧಿಸಿದ್ದು.

ಅಪರಾಧ ತನಿಖೆಗಾಗಿ ದೇಶದೊಳಗೆ ಗುಟ್ಟಾಗಿ ಫೋನ್ ಆಲಿಸಬೇಕಾದರೆ 1968ರ ಕಾಯಿದೆಯಂತೆ ನ್ಯಾಯಾಧೀಶರ ಆದೇಶ ಬೇಕು. ಒಂದು ಆದೇಶ 30 ದಿನಕ್ಕಿಂತ ಹೆಚ್ಚು ನಡೆಯದು. ಅವಧಿ ಮುಗಿದ ಕೂಡಲೇ ಧ್ವನಿಮುದ್ರಣವನ್ನು ನ್ಯಾಯಾಧೀಶರಿಗೆ ಒಪ್ಪಿಸಿ ಮೊಹರು ಹಾಕಿಸಬೇಕು. ಅದನ್ನು 10 ವರ್ಷ ಕಾಪಾಡಬೇಕು, ನ್ಯಾಯಾಧೀಶರು ಹೇಳದೆ ಅಳಿಸುವಂತಿಲ್ಲ. ಆಲಿಕೆ ಮುಗಿದು 90 ದಿನದೊಳಗೆ, ಯಾರ ಹೆಸರಲ್ಲಿ ಆದೇಶ ಹೊರಟಿತ್ತೋ ಅವರಿಗೆ "ನಿಮ್ಮ ಫೋನ್ ಆಲಿಸಿದ್ದೆವು" ಎಂದು ತಿಳಿಸಬೇಕು. ನ್ಯಾಯಾಧೀಶರು ಒಪ್ಪಿದರೆ ಮಾತ್ರ ಇದನ್ನು ಮುಂದೂಡಬಹುದು.

ಗೂಢಚರ್ಯೆಯ ದಾರಿ ಬೇರೆ. 1978ರಲ್ಲಿ ಬಂದ ಫೈಸಾ ಕಾಯಿದೆ ಇದಕ್ಕಾಗಿಯೇ ಒಂದು ಗುಪ್ತ ನ್ಯಾಯಾಲಯವನ್ನು ಮಾಡಿತು. ಅದರಲ್ಲಿ ಈಗ 11 ನ್ಯಾಯಾಧೀಶರಿದ್ದಾರೆ. ಅಲ್ಲಿ ಎದುರು ಪಕ್ಷದ ವಕೀಲರು ಸಾಮಾನ್ಯವಾಗಿ ಇರುವುದಿಲ್ಲ. ಯಾರ ಮಾತು ಆಲಿಸಿದರೋ ಅವರಿಗೆ ಆಮೇಲೆ ತಿಳಿಸುವ ಕಟ್ಟಳೆಯೂ ಇಲ್ಲ. ಆ ಮಾತನ್ನು ಕೋರ್ಟಿನಲ್ಲಿ ಅವರ ವಿರುದ್ಧ ಸಾಕ್ಷ್ಯವಾಗಿ ಬಳಸಲು ಹೊರಟಾಗ ಮಾತ್ರ ಹೇಳಬೇಕು.

ಜನರ ಹೆಸರಿನ ಕಡತಗಳು

ಕಡತದ ಕಾನೂನು, ಫೈಸಾ ಕಾಯಿದೆ ಇವು ಯಾರದೋ ಔದಾರ್ಯದಿಂದ ಬಂದವಲ್ಲ. 1970ರ ಜನವರಿಯಲ್ಲಿ ಕ್ರಿಸ್ಟೊಫರ್ ಪೈಲ್ ಎಂಬ ಮಾಜಿ ಸೇನಾ ಕ್ಯಾಪ್ಟನ್ ಪತ್ರಿಕೆಯೊಂದರಲ್ಲಿ ಲೇಖನ ಬರೆದ. ಸೇನೆಯ ಗುಪ್ತಚರ ಶಾಲೆಯಲ್ಲಿ ಪಾಠ ಮಾಡಿದ್ದವನು ಅವನು. ಸೇನೆಯ ಸುಮಾರು 1,000 ಮಂದಿ ಮಫ್ತಿಯಲ್ಲಿ, 300ರಷ್ಟು ಕಚೇರಿಗಳಿಂದ, ತಮ್ಮದೇ ದೇಶದ ಜನರ ರಾಜಕೀಯ ಚಟುವಟಿಕೆಯ ಮೇಲೆ ಕಣ್ಣಿಟ್ಟಿದ್ದಾರೆ ಎಂಬುದು ಲೇಖನದ ಸಾರ. ವಿಯೆಟ್ನಾಂ ಯುದ್ಧ ಬೇಡವೆಂದು ಮೆರವಣಿಗೆ ಹೋದವರು, ಕಪ್ಪು ಜನರ ಹಕ್ಕಿಗಾಗಿ ಸಭೆ ಸೇರಿದವರು, ಇಂಥವರ ಹೆಸರುಗಳೆಲ್ಲ ಸೇನೆಯ ಕಡತ ಸೇರಿದ್ದವು. ಕಂಪ್ಯೂಟರಿಗೂ ಏರಿದ್ದವು.

ಸೆನೆಟರ್ ಸ್ಯಾಮ್ ಅರ್ವಿನ್ 1971ರಲ್ಲಿ ಇದರ ಬಹಿರಂಗ ವಿಚಾರಣೆ ನಡೆಸಿದರು. ಕಡತದಲ್ಲಿ ಹೆಸರಿದ್ದ ಕೆಲವರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 1972ರ ಜೂನ್‌ನಲ್ಲಿ ಬಂದ ತೀರ್ಪಿನಲ್ಲಿ ಅವರು 5-4 ಅಂತರದಲ್ಲಿ ಸೋತರು. ಸೇನೆ ನೋಡುತ್ತಿದೆ ಎಂಬ ಭಯವೊಂದರಿಂದಲೇ ಮೊಕದ್ದಮೆ ನಿಲ್ಲುವುದಿಲ್ಲ, ಆದ ಹಾನಿ ಏನೆಂದು ತೋರಿಸಬೇಕು ಎಂದಿತು ಕೋರ್ಟು. ಈ ಮಾತು ಇಂದಿಗೂ ಇಂಥ ಮೊಕದ್ದಮೆಗಳಿಗೆ ಅಡ್ಡ ನಿಲ್ಲುತ್ತದೆ.

1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿ ಇನ್ನೂ ಆಳಕ್ಕೆ ಕೈ ಹಾಕಿತು. ಎರಡನೇ ಮಹಾಯುದ್ಧ ಮುಗಿದ 1945ರಿಂದ 1975ರ ಮೇ ತನಕ, 30 ವರ್ಷ, ಮೂರು ತಂತಿ ಕಂಪನಿಗಳು ಅಮೆರಿಕಕ್ಕೆ ಬರುವ, ಅಲ್ಲಿಂದ ಹೋಗುವ ಟೆಲಿಗ್ರಾಂಗಳ ಪ್ರತಿಗಳನ್ನು ಮೊದಲು ಸೇನೆಗೆ, ಆಮೇಲೆ ಎನ್‌ಎಸ್‌ಎಗೆ ಕೊಡುತ್ತಿದ್ದವು. ಕೆಲಸಕ್ಕೆ ಇಟ್ಟಿದ್ದ ಗುಟ್ಟಿನ ಹೆಸರು ಶ್ಯಾಮ್‌ರಾಕ್. ಉಚ್ಛ್ರಾಯದಲ್ಲಿ ತಿಂಗಳಿಗೆ 1,50,000 ಸಂದೇಶಗಳನ್ನು ಎನ್‌ಎಸ್‌ಎ ಸಿಬ್ಬಂದಿ ಪರಿಶೀಲಿಸುತ್ತಿದ್ದರು. ನ್ಯಾಯಾಧೀಶರ ಆದೇಶವಿರಲಿಲ್ಲ. ತಂತಿ ಎಂದರೆ ನಮ್ಮ ಮನೆಗಳಲ್ಲಿ ಸಾವು, ಮದುವೆ, ಕೆಲಸದ ನೇಮಕಾತಿ. ಅಂಥ ಕಾಗದಗಳನ್ನು ಮೂವತ್ತು ವರ್ಷ ಯಾರೋ ಮೂರನೆಯವರು ಓದಿದರು ಎಂದು ತಿಳಿದಾಗ ಅಲ್ಲಿನವರಿಗೆ ಏನಾಗಿರಬೇಕು ಎಂದು ನನಗೆ ಊಹಿಸಲು ಕಷ್ಟವಾಗುವುದಿಲ್ಲ.

ಅದರ ಜೊತೆಗಿದ್ದ ಮಿನರೆಟ್ ಎಂಬ ಇನ್ನೊಂದು ಕೆಲಸದಲ್ಲಿ ಸುಮಾರು 1,650 ಅಮೆರಿಕನ್ನರ ಹೆಸರಿನ ಪಟ್ಟಿ ಇತ್ತು. ಮಾರ್ಟಿನ್ ಲೂಥರ್ ಕಿಂಗ್, ಮುಹಮ್ಮದ್ ಅಲಿ ಅದರಲ್ಲಿದ್ದರು. 2013ರಲ್ಲಿ ಗುಟ್ಟು ತೆರೆದ ಕಾಗದಗಳಿಂದ ಗೊತ್ತಾದ ಹಾಗೆ, ಮುಂದೆ ತನಿಖೆ ನಡೆಸಿದ ಫ್ರಾಂಕ್ ಚರ್ಚ್ ಅವರ ಹೆಸರೂ ಅಲ್ಲೇ ಇತ್ತು.

ಪಹಣಿಯ ಹಾಗೆ ಒಂದು ಹಕ್ಕು

ಅರ್ವಿನ್ ಮುಂತಾದವರ ಪ್ರಯತ್ನದಿಂದ ಬಂದದ್ದು ಪ್ರೈವೆಸಿ ಆ್ಯಕ್ಟ್. ಅಧ್ಯಕ್ಷ ಫೋರ್ಡ್ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು. ಇದು ಕದ್ದಾಲಿಕೆಯ ಕಾನೂನಲ್ಲ, ಕಡತದ ಕಾನೂನು. ಮಿಲಿಟರಿಯೂ ಸೇರಿ ಕೇಂದ್ರ ಸರ್ಕಾರದ ಎಲ್ಲ ಇಲಾಖೆಗಳಿಗೂ ಅನ್ವಯಿಸುತ್ತದೆ.

ನಮ್ಮ ಪಹಣಿ ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಹಣಿ ಎಂಬ ದಾಖಲೆ ಇದೆ ಎಂದು ಎಲ್ಲರಿಗೂ ಗೊತ್ತು. ನಾಡಕಚೇರಿಗೆ ಹೋದರೆ ನಮ್ಮ ಜಮೀನಿನ ಪಹಣಿ ಸಿಗುತ್ತದೆ. ಅಪ್ಪನ ಹೆಸರು ತಪ್ಪಾಗಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಬಹುದು, ಆಗದಿದ್ದರೆ ಮೇಲ್ಮನವಿ. ಪ್ರೈವೆಸಿ ಆ್ಯಕ್ಟ್ ಸರ್ಕಾರ ನಮ್ಮ ಬಗ್ಗೆ ಬರೆದಿಟ್ಟುಕೊಂಡ ಕಡತಕ್ಕೂ ಇದೇ ಬಗೆಯ ಹಕ್ಕು ಕೊಡುತ್ತದೆ. ನೋಡುವ ಹಕ್ಕು, ತಿದ್ದಿಸುವ ಹಕ್ಕು, ಯಾರಿಗೆಲ್ಲ ತೋರಿಸಿದಿರಿ ಎಂದು ಕೇಳುವ ಹಕ್ಕು. ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಡಬಾರದು ಎಂಬ ನಿಯಮವೂ ಇದೆ. ಇದಕ್ಕೆ ಹನ್ನೆರಡು ವಿನಾಯಿತಿಗಳಿವೆ, ಅವುಗಳಲ್ಲಿ ಕೆಲವು ಬಹಳ ಅಗಲವಾದ ಬಾಗಿಲುಗಳು.

ಎಲ್ಲಕ್ಕಿಂತ ಮುಖ್ಯವೆಂದು ನಾನು ನೋಡುವುದು ಇನ್ನೊಂದನ್ನು. ಇಂಥ ಕಡತಗಳ ಬೀರು ಇದೆ ಎಂಬುದನ್ನೇ ಸರ್ಕಾರ ಬಚ್ಚಿಡುವಂತಿಲ್ಲ. ಒಂದು ಕಡತ ವ್ಯವಸ್ಥೆಯನ್ನು ಶುರುಮಾಡುವ ಮೊದಲು ನಮ್ಮ ರಾಜ್ಯಪತ್ರದಂಥ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಬೇಕು. ಬೀರುವಿನ ಹೆಸರೇನು, ಎಲ್ಲಿದೆ, ಯಾರ ಬಗ್ಗೆ, ಯಾವ ತರಹದ ಕಾಗದ, ಯಾರಿಗೆಲ್ಲ ಕೊಡುತ್ತೇವೆ, ಎಷ್ಟು ಕಾಲ ಇಡುತ್ತೇವೆ, ಹೊಣೆಗಾರ ಅಧಿಕಾರಿ ಯಾರು, ಇಷ್ಟನ್ನೂ ಬರೆಯಬೇಕು. ಗುಪ್ತಚರ ವಿಭಾಗಕ್ಕೂ ಇದರಿಂದ ಬಿಡುಗಡೆಯಿಲ್ಲ. ಹೀಗಾಗಿಯೇ ಅಮೆರಿಕದ ಭೂಸೇನೆ "ಟೆಕ್ನಿಕಲ್ ಸರ್ವೈಲೆನ್ಸ್ ಇಂಡೆಕ್ಸ್" ಎಂಬ ಕಡತ ವ್ಯವಸ್ಥೆ ತನ್ನ ಬಳಿ ಇದೆ ಎಂದು ಮುದ್ರಿಸಿ ಹೇಳಿದೆ. ಹೆಸರೇ ಹೇಳುವಂತೆ ಅದು ಎಲೆಕ್ಟ್ರಾನಿಕ್ ಕಣ್ಗಾವಲಿನಲ್ಲಿ ಸಿಕ್ಕವರ ಸೂಚಿ.

ಸೂಚಿ ಯಾಕೆ ಬೇಕು, ಅಳಿಸಿಬಿಟ್ಟರೆ ಜನರಿಗೇ ಒಳ್ಳೆಯದಲ್ಲವೇ ಎಂದು ಅನ್ನಿಸುವುದು ಸಹಜ. ಇಲ್ಲೊಂದು ಸೂಕ್ಷ್ಮವಿದೆ. 1969ರಲ್ಲಿ ಸುಪ್ರೀಂ ಕೋರ್ಟ್, ಕಾನೂನುಬಾಹಿರವಾಗಿ ಆಲಿಸಿದ್ದರೆ ಆ ದಾಖಲೆಯನ್ನು ಆರೋಪಿಗೆ ಕೊಡಬೇಕು ಎಂದಿತು. 1970ರ ಕಾಯಿದೆಯೊಂದರಂತೆ, ನನ್ನ ವಿರುದ್ಧದ ಸಾಕ್ಷ್ಯ ಅಕ್ರಮ ಕದ್ದಾಲಿಕೆಯಿಂದ ಬಂದದ್ದು ಎಂದು ಒಬ್ಬ ಹೇಳಿದರೆ, ಸರ್ಕಾರ ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕು. ಸೂಚಿಯೇ ಇಲ್ಲದಿದ್ದರೆ ಸೇನೆ ಏನನ್ನು ನೋಡಿ ಉತ್ತರ ಕೊಡಬೇಕು? ಕಡತದಿಂದ ಹೆದರಿಕೆಯೂ ಉಂಟು, ರಕ್ಷಣೆಯೂ ಉಂಟು. ಅಪರಾಧ ತನಿಖೆಯ ಧ್ವನಿಮುದ್ರಣವನ್ನು 10 ವರ್ಷ ಅಳಿಸಬಾರದು ಎಂಬುದರ ಹಿಂದೆಯೂ ಇದೇ ಯೋಚನೆಯಿದೆ.

ಬೀರು ಕಾಣುತ್ತದೆ, ಬೀಗ ತೆಗೆಯುವುದಿಲ್ಲ

ಹಾಗಾದರೆ ಯಾರು ಬೇಕಾದರೂ ಹೋಗಿ ತಮ್ಮ ಕದ್ದಾಲಿಕೆ ಕಡತ ನೋಡಬಹುದೇ? ಇಲ್ಲ. ಅಪರಾಧ ತನಿಖಾ ದಳಗಳ ಕಡತ, ರಾಷ್ಟ್ರದ ಭದ್ರತೆಗಾಗಿ ಗುಪ್ತವೆಂದು ಗುರುತು ಹಾಕಿದ ಕಾಗದ, ಇವುಗಳನ್ನು ನೋಡುವ, ತಿದ್ದಿಸುವ ಹಕ್ಕಿನಿಂದ ಹೊರಗಿಡಲು ಕಾಯಿದೆಯೇ ದಾರಿ ಕೊಟ್ಟಿದೆ. ಇಲಾಖೆ ಅದಕ್ಕೆ ನಿಯಮ ಮಾಡಿ, ಕಾರಣ ಬರೆದು ಪ್ರಕಟಿಸಬೇಕು. ತನಿಖೆ ನಡೆಯುತ್ತಿರುವಾಗ ಕಳ್ಳನಿಗೇ ಕಡತ ತೋರಿಸಿದರೆ ಕೆಲಸ ಕೆಡುತ್ತದೆ ಎಂಬುದು ಇಲಾಖೆಗಳ ವಾದ. ಮಾತು ಸುಳ್ಳಲ್ಲ. ಆದರೆ ಕಡತದಲ್ಲಿ ತಪ್ಪು ಹೆಸರು ಸೇರಿದ್ದರೆ ಆ ಮನುಷ್ಯನಿಗೆ ಗೊತ್ತಾಗುವ ದಾರಿಯೂ ಅಲ್ಲಿಗೇ ಮುಚ್ಚುತ್ತದೆ.

ಇನ್ನೊಂದು ಸಂದು ಇದೆ, ಓದುಗರು ಗಮನಿಸಬೇಕಾದದ್ದು. ಹೆಸರು ಅಥವಾ ಗುರುತಿನ ಸಂಖ್ಯೆ ಹಿಡಿದು ಹುಡುಕಿ ತೆಗೆಯುವ ಕಡತಕ್ಕೆ ಮಾತ್ರ ಈ ಹಕ್ಕುಗಳು ಹೆಚ್ಚಾಗಿ ಅನ್ವಯ. ದಿನಾಂಕದ ಪ್ರಕಾರ ಜೋಡಿಸಿಟ್ಟ ಧ್ವನಿಮುದ್ರಣದ ರಾಶಿಯಲ್ಲಿ ನಮ್ಮ ಮಾತು ಇದ್ದರೂ, ಹೆಸರು ಹಿಡಿದು ಅದನ್ನು ಹೊರತೆಗೆಯುವ ರೂಢಿಯಿಲ್ಲದಿದ್ದರೆ ಅದು ಕಾಯಿದೆಯ ಲೆಕ್ಕದಲ್ಲಿ ನಮ್ಮ ಕಡತವಾಗುವುದಿಲ್ಲ.

ಇಷ್ಟೆಲ್ಲ ವಿನಾಯಿತಿಗಳ ನಡುವೆಯೂ ಕೆಲವು ನಿಯಮಗಳಿಗೆ ಈ ದಾರಿಯಿಂದ ವಿನಾಯಿತಿ ಪಡೆಯುವಂತಿಲ್ಲ. ಅವುಗಳಲ್ಲಿ ಒಂದು ಹೀಗಿದೆ. ಒಬ್ಬ ವ್ಯಕ್ತಿ ತನ್ನ ವಾಕ್, ಧರ್ಮ, ಸಭೆ ಸೇರುವ ಸ್ವಾತಂತ್ರ್ಯವನ್ನು ಹೇಗೆ ಬಳಸಿದ ಎಂಬುದನ್ನು ಬರೆದಿಟ್ಟುಕೊಳ್ಳಬಾರದು. ಕಾನೂನು ಸ್ಪಷ್ಟವಾಗಿ ಹೇಳಿದ್ದರೆ, ಆ ವ್ಯಕ್ತಿಯೇ ಒಪ್ಪಿದ್ದರೆ, ಇಲ್ಲವೇ ಅಧಿಕೃತ ಕಾನೂನು ಪಾಲನೆಯ ಕೆಲಸಕ್ಕೆ ಸಂಬಂಧವಿದ್ದರೆ ಮಾತ್ರ ಬರೆಯಬಹುದು. ಮೆರವಣಿಗೆ ಹೋದವರ ಹೆಸರು ಬರೆದುಕೊಂಡ ಸೇನೆಯ ಕಥೆಗೆ ಸಂಸತ್ತು ಕೊಟ್ಟ ಉತ್ತರ ಈ ಸಾಲು. ಕೊನೆಯ ಮಾತನ್ನು ಎಷ್ಟು ಹಿಗ್ಗಿಸಬಹುದು ಎಂಬ ಜಗಳ ಕೋರ್ಟುಗಳಲ್ಲಿ ನಡೆದೇ ಇದೆ.

ನಿಯಮ ಮುರಿದರೆ? ಬೇಕೆಂದೇ ಮಾಡಿದ್ದರೆ ಕನಿಷ್ಠ 1,000 ಡಾಲರ್ ಪರಿಹಾರ ಎಂದು ಕಾಯಿದೆ ಹೇಳುತ್ತದೆ. ಆದರೆ 2004ರ ತೀರ್ಪಿನಂತೆ ಅದಕ್ಕೂ ನಿಜವಾದ ನಷ್ಟ ತೋರಿಸಬೇಕು. 2012ರ ತೀರ್ಪಿನಂತೆ ಮನಸ್ಸಿಗಾದ ನೋವು ಆ ನಷ್ಟದ ಲೆಕ್ಕಕ್ಕೆ ಬರುವುದಿಲ್ಲ. ಖಾಸಗಿ ಸಂಗತಿ ಬಯಲಾದಾಗ ಮೊದಲು ಆಗುವ ಹಾನಿಯೇ ಮನಸ್ಸಿಗೆ. ಈ ತೀರ್ಪು ಕಾಯಿದೆಯ ಹಲ್ಲು ಕಿತ್ತಿತು ಎಂದೇ ನನ್ನ ಭಾವನೆ.

ಗ್ರೀನ್ ಕಾರ್ಡಿನ ಗೆರೆ

ಈಗ ನಮ್ಮ ಮನೆಯ ಪ್ರಶ್ನೆಗೆ ಬರೋಣ. ಪ್ರೈವೆಸಿ ಆ್ಯಕ್ಟ್‌ನಲ್ಲಿ "ವ್ಯಕ್ತಿ" ಎಂದರೆ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು. ಅಷ್ಟೇ. ಎಚ್-1ಬಿ ವೀಸಾದಲ್ಲಿ ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿರುವವರು ಈ ಪದದೊಳಗೆ ಬರುವುದಿಲ್ಲ. ಓದಲು ಹೋದ ವಿದ್ಯಾರ್ಥಿಯೂ ಇಲ್ಲ, ಮಗಳ ಬಾಣಂತನಕ್ಕೆ ಹೋದ ತಾಯಿಯೂ ಇಲ್ಲ. 2016ರಲ್ಲಿ ಇನ್ನೊಂದು ಕಾಯಿದೆಯ ಮೂಲಕ ಕೆಲವು ಹೊರದೇಶಗಳ ಪ್ರಜೆಗಳಿಗೂ ಈ ಹಕ್ಕಿನಲ್ಲಿ ಪಾಲು ಸಿಕ್ಕಿತು. ಅದು ಮುಖ್ಯವಾಗಿ ಯುರೋಪಿನ ದೇಶಗಳವರಿಗೆ, ಭಾರತೀಯರಿಗಲ್ಲ. ಭಾರತದವರಿಗೆ ಗ್ರೀನ್ ಕಾರ್ಡಿನ ಸರದಿ ಎಷ್ಟು ಉದ್ದ ಎಂಬುದು ಮನೆಯಲ್ಲಿ ಒಬ್ಬರು ಅಲ್ಲಿದ್ದರೂ ಗೊತ್ತಿರುತ್ತದೆ. ಕಾರ್ಡ್ ಕೈಗೆ ಬಂದ ದಿನ, ಅದೇ ಮನುಷ್ಯ, ಅದೇ ಫೋನು, ಹಕ್ಕು ಮಾತ್ರ ಬೇರೆ.

ಆಲಿಸುವ ವಿಷಯದಲ್ಲಿ ಲೆಕ್ಕ ಸ್ವಲ್ಪ ಬೇರೆ. ಫೈಸಾಕ್ಕೆ 2008ರಲ್ಲಿ ಸೇರಿಸಿದ 702ನೇ ಸೆಕ್ಷನ್ ಪ್ರಕಾರ, ಅಮೆರಿಕದ ಹೊರಗಿರುವ ವಿದೇಶಿಯರನ್ನು ಗುರಿ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆ ಕೋರ್ಟ್ ಆದೇಶವಿಲ್ಲದೆ, ಅಮೆರಿಕದ ಕಂಪನಿಗಳ ಮೂಲಕ ಅವರ ಸಂಪರ್ಕಗಳನ್ನು ಪಡೆಯಬಹುದು. 2024ರ ಏಪ್ರಿಲ್‌ನಲ್ಲಿ ಸಂಸತ್ತು ಇದನ್ನು ಇನ್ನೆರಡು ವರ್ಷಕ್ಕೆ ವಿಸ್ತರಿಸಿತು. 2022ರಲ್ಲಿ ಇಂಥ ಗುರಿಗಳ ಸಂಖ್ಯೆ 2,46,073 ಎಂದು ಸರ್ಕಾರವೇ ಹೇಳಿದೆ. ಅಮೆರಿಕದ ನೆಲದ ಮೇಲಿರುವ ಯಾರನ್ನೂ, ವೀಸಾ ಯಾವುದೇ ಇರಲಿ, ಈ ಸೆಕ್ಷನ್ನಿನಲ್ಲಿ ಗುರಿ ಮಾಡುವಂತಿಲ್ಲ.

ಅಂದರೆ ಟೆಕ್ಸಾಸ್‌ನಲ್ಲಿರುವ ನನ್ನ ಸೋದರಳಿಯ ಗುರಿಯಾಗಲಾರ. ಅರಸೀಕೆರೆಯಲ್ಲಿರುವ ಅವನ ಅಮ್ಮ ಕಾನೂನಿನ ಲೆಕ್ಕದಲ್ಲಿ ಗುರಿಯಾಗಬಹುದು. ಹಾಗಾಗಬೇಕಾದರೂ ಅವಳಿಂದ ಹೊರದೇಶದ ಗುಪ್ತಚರ ಮಾಹಿತಿ ಸಿಗುತ್ತದೆ ಎಂಬ ನಿರೀಕ್ಷೆ ಇರಬೇಕು. ನಿವೃತ್ತ ಟೀಚರ್ ಒಬ್ಬರ ಉಪ್ಪಿಟ್ಟಿನ ಮಾತಿನಿಂದ ಅದು ಸಿಗುವಂತಿಲ್ಲ. ಆದರೆ ನಿಜವಾಗಿಯೂ ಗುರಿಯಾದ ವಿದೇಶಿಯೊಬ್ಬನ ಜೊತೆ ಅಮೆರಿಕದಲ್ಲಿರುವವರು ಮಾತಾಡಿದರೆ ಅವರ ಮಾತೂ ಬಲೆಗೆ ಬೀಳುತ್ತದೆ. ಮೀನಿನ ಬಲೆಗೆ ಏಡಿ ಸಿಕ್ಕ ಹಾಗೆ. ಹೀಗೆ ಸಿಕ್ಕ ಮಾತನ್ನು ಏನು ಮಾಡಬೇಕು ಎಂಬುದೇ ಈ ನಿಯಮಗಳ ನಿಜವಾದ ತಿರುಳು.

ಸಿಕ್ಕವರು ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡಿನವರೋ ಆಗಿದ್ದರೆ, ಬೇರೆ ಇಲಾಖೆಗೆ ಹೋಗುವ ವರದಿಯಲ್ಲಿ ಸಾಮಾನ್ಯವಾಗಿ ಅವರ ಹೆಸರಿನ ಬದಲು "ಒಬ್ಬ ಯುಎಸ್ ವ್ಯಕ್ತಿ" ಎಂದಷ್ಟೇ ಬರೆಯಬೇಕು. ಹೆಸರು ಬೇಕೆಂದರೆ ಓದುವ ಅಧಿಕಾರಿ ಕಾರಣ ಕೊಟ್ಟು ಕೇಳಬೇಕು. ವಿದೇಶಿಯರಿಗೆ ಈ ಮುಸುಕಿನ ನಿಯಮವಿಲ್ಲ. ಆದರೆ 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್ ಹೊರಡಿಸಿದ ಆದೇಶವೊಂದು, ವಿದೇಶಿ ಎಂಬ ಕಾರಣಕ್ಕಷ್ಟೇ ಒಬ್ಬರ ಖಾಸಗಿ ಮಾಹಿತಿಯನ್ನು ಇಟ್ಟುಕೊಳ್ಳುವುದು, ಹಂಚುವುದು ಕೂಡದು ಎಂದಿತು. ಅದರ ಕೆಳಗೆ ದೂರುಗಳನ್ನು ಮರುಪರಿಶೀಲಿಸಲು ಒಂದು ವಿಶೇಷ ನ್ಯಾಯಾಲಯವೂ ಬಂತು. ಅಲ್ಲಿಗೂ ಹೋಗಬಹುದಾದವರು ಅಮೆರಿಕ ಹೆಸರಿಸಿದ ದೇಶಗಳವರು. ಆಗ ಹೆಸರಿಸಿದ್ದು ಯುರೋಪಿನ ದೇಶಗಳನ್ನು ಮಾತ್ರ.

ಎಷ್ಟು ವರ್ಷ?

2014ರ ಡಿಸೆಂಬರ್‌ನ ಒಂದು ಕಾಯಿದೆಯ 309ನೇ ಸೆಕ್ಷನ್, ಯಾವ ಕೋರ್ಟಿನ ಅನುಮತಿಯೂ ಇಲ್ಲದೆ ಸಿಕ್ಕ ಖಾಸಗಿ ಸಂಪರ್ಕಗಳನ್ನು 5 ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎನ್ನುತ್ತದೆ. ಗುಪ್ತಚರ ಮಹತ್ವವಿದ್ದರೆ, ಅಪರಾಧದ ಸಾಕ್ಷ್ಯವಾಗಿದ್ದರೆ, ಗೂಢಲಿಪಿಯಲ್ಲಿದ್ದರೆ ಅವಧಿ ಮೀರಿ ಇಡಬಹುದು. ಮಾತಾಡಿದವರಲ್ಲಿ ಯಾರೊಬ್ಬರೂ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡಿನವರೋ ಅಲ್ಲ ಎಂದು ನಂಬಲು ಕಾರಣವಿದ್ದರೂ ಇಡಬಹುದು. ಎಚ್-1ಬಿ ಮಗ, ಭಾರತದ ಅಮ್ಮ, ಇಬ್ಬರೂ ಈ ಕೊನೆಯ ಸಾಲಿಗೆ ಸೇರುತ್ತಾರೆ.

ನಮ್ಮಲ್ಲಿ ಹೇಗೆ?

ಭಾರತದಲ್ಲಿ 2018ರ ಡಿಸೆಂಬರ್ 20ರ ಆದೇಶದಂತೆ ಕಂಪ್ಯೂಟರ್ ಮಾಹಿತಿಯನ್ನು ಆಲಿಸುವ ಅಧಿಕಾರ ಹತ್ತು ಸಂಸ್ಥೆಗಳಿಗಿದೆ. ಅವುಗಳಲ್ಲಿ ಮಿಲಿಟರಿಯ ಸಿಗ್ನಲ್ ಇಂಟೆಲಿಜೆನ್ಸ್ ನಿರ್ದೇಶನಾಲಯವೂ ಒಂದು. ಅದಕ್ಕೆ ಜಮ್ಮು-ಕಾಶ್ಮೀರ, ಈಶಾನ್ಯ ರಾಜ್ಯಗಳು ಮತ್ತು ಅಸ್ಸಾಂನ ಸೇವಾ ಪ್ರದೇಶಗಳಲ್ಲಿ ಮಾತ್ರ ಅವಕಾಶ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆದರೆ ಅಮೆರಿಕದಲ್ಲಿರುವಂತೆ ಪ್ರತಿ ಬೀರುವಿನ ಹೆಸರನ್ನೂ ರಾಜ್ಯಪತ್ರದಲ್ಲಿ ಅಚ್ಚು ಹಾಕಿಸುವ ಕಟ್ಟಳೆ ನಮ್ಮಲ್ಲಿಲ್ಲ.

ಕೇಳುವುದಾದರೆ ಹೇಗೆ ಕೇಳಬೇಕು?

ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು ಮೊದಲು ಫೆಡರಲ್ ರಿಜಿಸ್ಟರ್‌ನಲ್ಲಿ ಬೀರುವಿನ ಹೆಸರು ಹುಡುಕಬೇಕು. ಅಲ್ಲಿ ಕೊಟ್ಟ ವಿಳಾಸಕ್ಕೆ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ತಾನೇ ಆ ಮನುಷ್ಯ ಎಂಬ ಪ್ರಮಾಣದ ಮಾತು ಬರೆದು ಸಹಿ ಮಾಡಿ ಕಳಿಸಬೇಕು.

ಉಳಿದವರಿಗೆ ಇನ್ನೊಂದು ಬಾಗಿಲಿದೆ. ಅಮೆರಿಕದ ಮಾಹಿತಿ ಹಕ್ಕು ಕಾಯಿದೆ 1966ರದು, ನಮ್ಮದಕ್ಕಿಂತ ಸುಮಾರು ನಲವತ್ತು ವರ್ಷ ಹಿರಿದು. ಅದರಲ್ಲಿ "ಯಾವುದೇ ವ್ಯಕ್ತಿ" ಅರ್ಜಿ ಹಾಕಬಹುದು, ಪ್ರಜೆಯಾಗಿರಬೇಕಿಲ್ಲ. ನನ್ನ ಸೋದರಳಿಯನೂ ಹಾಕಬಹುದು, ಅರಸೀಕೆರೆಯಲ್ಲಿ ಕೂತು ಅಕ್ಕನೂ ಹಾಕಬಹುದು. 20 ಕೆಲಸದ ದಿನಗಳಲ್ಲಿ ಉತ್ತರಿಸಬೇಕು ಎಂಬುದು ನಿಯಮ, ತಡವಾಗುವುದು ವಾಡಿಕೆ.

ಕದ್ದಾಲಿಕೆಯ ಬಗ್ಗೆ ಕೇಳಿದರೆ ಹೆಚ್ಚಾಗಿ ಬರುವ ಉತ್ತರಕ್ಕೆ ಅಲ್ಲಿ ಗ್ಲೋಮಾರ್ ಎಂಬ ಹೆಸರಿದೆ. 1970ರ ದಶಕದಲ್ಲಿ ಗ್ಲೋಮಾರ್ ಎಕ್ಸ್‌ಪ್ಲೋರರ್ ಎಂಬ ಹಡಗಿನ ಬಗ್ಗೆ ಕೇಳಿದಾಗ ಸಿಐಎ ಕೊಟ್ಟ ಉತ್ತರದಿಂದ ಬಂದ ಹೆಸರು ಅದು. ಇಂಥ ದಾಖಲೆ ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ ಎಂಬುದು ಅದರ ಒಕ್ಕಣೆ. "ಇಲ್ಲ" ಎಂದು ಕೆಲವರಿಗೆ ಹೇಳಿದರೆ, ಹೇಳಿಸಿಕೊಳ್ಳದವರಿಗೆ ತಮ್ಮ ಕಡತ ಇದೆ ಎಂದು ತಿಳಿದುಬಿಡುತ್ತದೆ ಎಂಬುದು ಅದರ ಹಿಂದಿನ ಕಾರಣ. ಮೇಲ್ಮನವಿಗೆ ಕನಿಷ್ಠ 90 ದಿನದ ಅವಕಾಶವಿದೆ, ಅಲ್ಲೂ ಆಗದಿದ್ದರೆ ಫೆಡರಲ್ ಕೋರ್ಟು.

ಇಷ್ಟನ್ನೂ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಅವನ ಗ್ರೀನ್ ಕಾರ್ಡ್ ಯಾವಾಗ ಬರತ್ತಂತೆ?" ಅಂದಳು.